ಎರಡನೇ ಗೇರಿನ ಮಾತು

ಐದು ಲಕ್ಷ ಕಿಲೋಮೀಟರ್ ಓಡಿಯೂ ಬಿಚ್ಚದೆ ಉಳಿದ ಗೇರ್‌ಬಾಕ್ಸು ಓಡಿಸಿದವನ ದನಿಯಲ್ಲಿ ಮಾತಾಡತೊಡಗುತ್ತದೆ ಎಂಬುದು ಸಂಡೂರಿನ ಗುಡ್ಡಗಳಲ್ಲಿ ಯಾರಿಗೂ ಸೋಜಿಗವಲ್ಲ. ಬಿಚ್ಚಿದರೆ ದನಿ ಹೋಗುತ್ತದೆ, ಅದೂ ಎಲ್ಲರಿಗೂ ಗೊತ್ತು. ಅದಕ್ಕೇ ಗಂಡ ಎರ್ರಿಸ್ವಾಮಿ ತೀರಿಕೊಂಡ ಮೇಲೆ ಹುಲಿಗೆಮ್ಮ ಅವನ ಹಳೇ ಜೀಪಿನ ಗೇರ್‌ಬಾಕ್ಸಿಗೆ ಯಾರ ಪಾನಾವನ್ನೂ ಸೋಕಗೊಟ್ಟಿರಲಿಲ್ಲ. ಎರಡು ವರ್ಷ ತಾನೇ ಅದನ್ನು ಓಡಿಸಿಕೊಂಡು ಗಣಿಯವರಿಗೆ ಬುತ್ತಿ ಮುಟ್ಟಿಸಿದಳು.

ಇವತ್ತು ಏರಿನಲ್ಲಿ ಗೇರು ಕೂರಲೇ ಇಲ್ಲ. ಜೀಪು ಎಳೆಸಿಕೊಂಡು ಗ್ಯಾರೇಜಿಗೆ ಬಂತು. ಹೊನ್ನೂರಸಾಬ್ ಮೇಸ್ತ್ರಿ ಗೇರ್ ಎಣ್ಣೆ ಇಳಿಸಿದ. ಬೋಗುಣಿಯ ತುಂಬ ಉಕ್ಕಿನ ಪುಡಿ ಮಿಂಚಿತು. ಒಂದೊಂದೇ ಗೇರು ಹಾಕಿ ನೋಡಿದ.

"ಎರ್ರಣ್ಣ ಎಂಟು ಲಕ್ಷ ಓಡಿಸ್ಯಾನ, ಆದ್ರೂ ಮೂರನೇದು, ನಾಕನೇದು ಇನ್ನೂ ಹೊಸಾವು ಇದ್ದಂಗ ಅದಾವು ತಂಗಿ. ಎರಡನೇದು ಮಾತ್ರ ಹಲ್ಲಿಲ್ಲದಂಗ ಸವದೈತಿ. ನೀ ಬಯಲಾಗೂ ಎರಡನೇದ್ರಾಗೇ ಓಡಿಸ್ತಿದ್ದೇನು?"

"ಆತ ಅದ್ರಾಗ ಮಾತ್ರ ಮಾತಾಡ್ತಿದ್ದ, ಅಣ್ಣಾ."

ಬಿಚ್ಚದೆ ಬೇರೆ ದಾರಿಯಿರಲಿಲ್ಲ. ಪಾನಾ ಎತ್ತಿಕೊಂಡ ಮೇಸ್ತ್ರಿ ತಡೆಯಲಾರದೆ ಕೇಳಿದ, "ಏನಂತಿದ್ದ?"

ಹುಲಿಗೆಮ್ಮ ಬಾನೆಟ್ಟಿನ ಕೆಂಪು ಧೂಳನ್ನು ಸೆರಗಿನಿಂದ ಒರೆಸುತ್ತಲೇ ಇದ್ದಳು.

"ಒಂದೇ ಮಾತು. 'ಸಾಕು ಹುಲಿಗಿ, ಇನ್ನ ಗೇರ್ ಬದಲಿಸು' ಅಂತಿದ್ದ."