ಎಲ್ಲಾ ಬರಕೊಳ್ರಿ

ಆರೋಗ್ಯ ವಿಮೆ ಇದ್ದವರು ಆಸ್ಪತ್ರೆಗೆ ಹೆದರಬೇಕಾಗಿಲ್ಲ ಎಂದು ಏಜೆಂಟ್ ಸ್ವಪ್ನಿಲ್ ಹೇಳುತ್ತಿದ್ದಾಗಲೇ ಗೌಸಬಿ ಗೋಡೆ ಹಿಡಿದು ಎದ್ದು ನಿಂತಳು. ಕುಲಗೋಡದ ಸಮುದಾಯ ಭವನದಲ್ಲಿ ಮಹಿಳಾ ಸಂಘದ ಸಭೆ ನಡೆದಿತ್ತು. ಜಮಖಾನದ ಮೇಲೆ ಕುಳಿತಿದ್ದ ಹೆಂಗಸರೆಲ್ಲ ಹಿಂತಿರುಗಿ ನೋಡಿದರು. ಮೂಡಲಗಿಯಿಂದ ಬಂದಿದ್ದ ಸ್ವಪ್ನಿಲ್ ಮಾತ್ರ ಅವಳತ್ತ ನೋಡಲಿಲ್ಲ.

"ನೀವು ಮಾತಾಡ್ರಿ ಸರ್, ನಾ ಬ್ಯಾಡ ಅನ್ನಂಗಿಲ್ಲ. ಆದ್ರ ಮೊದಲ ನಂದೊಂದು ಕೇಳ್ರಿ," ಎಂದಳು ಗೌಸಬಿ.

ಊರವರ ಕುಪ್ಪಸ ಹೊಲಿದು ಬದುಕುವ ಗೌಸಬಿ ಇದೇ ಸ್ವಪ್ನಿಲ್‌ನ ಕೈಯಿಂದ ಪಾಲಿಸಿ ಮಾಡಿಸಿದ್ದಳು. ತನಗೆ ಥೈರಾಯ್ಡ್ ಇದೆ, ದಿನಾ ಬೆಳಿಗ್ಗೆ ಗುಳಿಗೆ ನುಂಗುತ್ತೇನೆ ಎಂದು ಅವತ್ತೇ ಹೇಳಿದ್ದಳು. ಅದೇನು ರೋಗವೇ, ಬರೆದರೆ ಸುಮ್ಮನೆ ಅಡ್ಡಿಯಾಗುತ್ತದೆ ಎಂದು ಅವನು ನಕ್ಕು, ಸಹಿ ಮಾಡಿಸಿಕೊಂಡು ಹೋಗಿದ್ದ. ಈ ಬೇಸಿಗೆಯಲ್ಲಿ ಬಸ್ಸಿನಿಂದ ಇಳಿಯುವಾಗ ಬಿದ್ದು ಅವಳ ತೊಡೆಯ ಎಲುಬು ಮುರಿಯಿತು. ಗೋಕಾಕದಲ್ಲಿ ಆಪರೇಶನ್ ಮಾಡಿ ರಾಡು ಹಾಕಿದರು. ಇನ್ನೂ ಗಾಯದ ಹೊಲಿಗೆ ಬಿಚ್ಚಿರಲಿಲ್ಲ, ಖರ್ಚಿನ ಹಣ ಕೇಳಿದ್ದಕ್ಕೆ ಕಂಪನಿಯ ಉತ್ತರ ಬಂತು: ಮೊದಲೇ ಇದ್ದ ಕಾಯಿಲೆಯನ್ನು ನೀವು ಮುಚ್ಚಿಟ್ಟಿದ್ದೀರಿ, ಕ್ಲೇಮು ಕೊಡುವುದಿಲ್ಲ, ಪಾಲಿಸಿಯೂ ರದ್ದು. ಗಂಟಲಿನ ಕಾಯಿಲೆಗೂ ಮುರಿದ ಕಾಲಿಗೂ ಏನು ಸಂಬಂಧ ಎಂದು ಕೇಳಲು ಅವಳು ಕುಂಟುತ್ತ ಕಂಪನಿಯ ಕಚೇರಿಗೆ ಹೋದಳು. ಸಹಿ ನಿಮ್ಮದೇ ಅಲ್ಲವೇ ಎಂದಷ್ಟೇ ಅವರು ತಿರುಗಿ ಕೇಳಿದರು. ಎಮ್ಮೆ ಮಾರಿ ಆಸ್ಪತ್ರೆಯ ಬಿಲ್ಲು ಕಟ್ಟಿದ ಗಂಡ ಹಾಜಿಮಲಂಗ, ದೊಡ್ಡವರ ಕೂಡ ನಮಗೇಕೆ ಜಗಳ, ಇನ್ನು ಬಿಟ್ಟುಬಿಡು ಎಂದ. ಅವಳು ಬಿಡಲಿಲ್ಲ. ವಿಮೆಯ ತಕರಾರು ಕೇಳುವ ಲೋಕಪಾಲರಿಗೆ ದೂರು ಕಳಿಸಿ ಉತ್ತರಕ್ಕೆ ಕಾಯುತ್ತಿದ್ದಳು. ಹೊಲಿಗೆ ಯಂತ್ರ ತುಳಿಯಲು ಆ ಕಾಲು ಇನ್ನೂ ಒಪ್ಪುತ್ತಿರಲಿಲ್ಲ.

ಇದನ್ನೆಲ್ಲ ಹೇಳಿ ಮುಗಿಸಿ ಅವಳು ಕೇಳಿದಳು, "ಖರೆ ಹೇಳ್ರಿ ಸರ್. ನಾ ಥೈರಾಯ್ಡ್ ಐತಿ ಅಂತ ಹೇಳಿದ್ನೋ ಇಲ್ಲೋ?"

ಸ್ವಪ್ನಿಲ್ ಮೊಬೈಲು ಜೇಬಿಗಿಟ್ಟ, ಮತ್ತೆ ಹೊರಗೆ ತೆಗೆದ. "ಹೇಳಿದ್ರಿ ಅಕ್ಕಾರ," ಎಂದ ಕೊನೆಗೆ. "ಆದ್ರ ಎಲ್ಲಾ ಬರದ್ರ ಕಂಪನಿ ಯಾರನ್ನೂ ತಗೊಳ್ಳಂಗಿಲ್ರಿ. ನಿಮಗ ಚಲೋ ಆಗ್ಲಿ ಅಂತ ಬಿಟ್ಟೆ."

"ತಗೊಳ್ಳದಿದ್ರ ಬಿಡ್ಲಿ. ಬ್ಯಾಡ ಅನ್ನೂದಿದ್ರ ಇವತ್ತ ಅನ್ಲಿ, ನಾವು ನಮ್ಮ ಕಾಲ ಮ್ಯಾಲ ನಿಂತಿರತೇವಿ. ದವಾಖಾನ್ಯಾಗ ಮಲಗಿದಾಗ ಬ್ಯಾಡ ಅನ್ನಬಾರದು." ಈಗ ಒಪ್ಪಿಕೊಂಡದ್ದನ್ನು ಲೋಕಪಾಲರ ಮುಂದೆಯೂ ಹೇಳುತ್ತೀರಾ ಎಂದು ಅವಳು ಕೇಳಿದಾಗ ಅವನು ಸುತ್ತ ಕುಳಿತವರನ್ನೊಮ್ಮೆ ನೋಡಿದ. ಒಬ್ಬರೂ ಅವನ ಮೇಲಿಂದ ಕಣ್ಣು ಕೀಳಲಿಲ್ಲ. ಹೇಳುತ್ತೇನೆ ಎಂದು ತಲೆಯಾಡಿಸಿದ.

ಗೌಸಬಿ ಹೆಂಗಸರ ಕಡೆ ತಿರುಗಿದಳು. "ಪಾಲಿಸಿ ಬೇಕಾದವರು ತಮಗ ಏನೈತಿ ಅದನ್ನ ಇಲ್ಲೇ ಬಾಯಿಬಿಟ್ಟು ಹೇಳ್ರಿ. ಅವರು ಎಲ್ಲಾ ಬರಕೊಳ್ಳಲಿ."

ಔಷಧದ ಅಂಗಡಿಯಲ್ಲೂ ಗುಳಿಗೆಯ ಹೆಸರನ್ನು ಪಿಸುಮಾತಿನಲ್ಲೇ ಕೇಳುತ್ತಿದ್ದ ಹೆಂಗಸರು ಅವರು. ಕೊನೆಗೆ ಸಂಘದ ಅಧ್ಯಕ್ಷೆ ಕರೆವ್ವ ಕುಳಿತಲ್ಲಿಂದಲೇ, ತನಗೆ ಸಕ್ಕರೆ ಕಾಯಿಲೆ ಇದೆ, ಇಂಜೆಕ್ಷನ್ ಚುಚ್ಚಿಕೊಳ್ಳುತ್ತೇನೆ, ಸೊಸೆಗೂ ಗೊತ್ತಿಲ್ಲ ಎಂದಳು. ಬಾಜೂ ಕುಳಿತಿದ್ದ ಸೊಸೆ, ಗೊತ್ತಿದೆ ಎಂದಾಗ ನಗೆಯೆದ್ದಿತು. ಆ ನಗೆಯಲ್ಲೇ ಇನ್ನೊಬ್ಬಳಿಗೆ ಧೈರ್ಯ ಬಂತು, ಬಿಪಿ ಎಂದಳು. ಮತ್ತೊಬ್ಬಳು ತನ್ನ ಗರ್ಭಕೋಶ ತೆಗೆದಿದ್ದಾರೆ ಎಂದಳು. ಮುದುಕಿಯೊಬ್ಬಳು ಹರೆಯದಲ್ಲಿ ತನಗೆ ಟಿಬಿ ಆಗಿತ್ತು, ಆಗ ತನ್ನ ಊಟದ ತಾಟನ್ನು ಅತ್ತೆ ಬೇರೆ ಇಟ್ಟಿದ್ದಳು ಎಂದಳು. ಇದು ಬರೆಯಬೇಕೋ ಬೇಡವೋ ತಿಳಿಯದೆ ಸ್ವಪ್ನಿಲ್ ಅದನ್ನೂ ಬರೆದ.

ಆಗ ಬಾಗಿಲ ಹತ್ತಿರ ಶಂಕ್ರವ್ವನ ಮಗಳು ನಂದಿನಿ ಎದ್ದಳು. ಅರಭಾವಿಯ ಕಾಲೇಜಿನಲ್ಲಿ ಓದುವ ಹುಡುಗಿ. ಅವಳನ್ನು ನೋಡಲು ಬರುವ ಸೋಮವಾರ ಘೋಡಗೇರಿಯಿಂದ ವರನ ಕಡೆಯವರು ಬರುವವರಿದ್ದರು. ಆ ಸಂಬಂಧ ತಂದಿದ್ದ ಸುಮನ ಮುಂದಿನ ಸಾಲಿನಲ್ಲೇ ಕುಳಿತಿದ್ದಳು. ಶಂಕ್ರವ್ವ ಮಗಳ ಚೂಡಿದಾರದ ವೇಲಿನ ತುದಿ ಹಿಡಿದು ಜಗ್ಗಿದಳು.

"ನನಗ ಫಿಟ್ಸ್ ಬರತಾವ," ಎಂದಳು ನಂದಿನಿ. "ಸಣ್ಣಾಕಿ ಇದ್ದಾಗಿಂದ."

ಮುಂದಿನ ಸಾಲಿನಲ್ಲಿ ಸುಮನ ನಿಧಾನವಾಗಿ ಹಿಂತಿರುಗಿ ನೋಡಿದಳು. ಸ್ವಪ್ನಿಲ್‌ನ ಪೆನ್ನು ನಿಂತಿತು. ಅವನು ಆ ಹುಡುಗಿಯನ್ನು, ಅವಳ ತಾಯಿಯನ್ನು ನೋಡಿ, ಇದನ್ನು ಬರೆಯಲೇ ಎಂದು ಮೆತ್ತಗೆ ಕೇಳಿದ.

"ಬರಕೊಳ್ರಿ. ನನ್ನ ಹೆಸರು ನಂದಿನಿ."

ಶಂಕ್ರವ್ವ ಎರಡೂ ಕೈಯಿಂದ ಜಗ್ಗಿದಳು. ವೇಲು ಹೆಗಲಿನಿಂದ ಜಾರಿ ಪೂರ್ತಿ ತಾಯಿಯ ಮಡಿಲಿಗೆ ಬಂತು. ನಂದಿನಿ ನಿಂತೇ ಇದ್ದಳು.