ಬೈಗುಳದ ಎರವಲು

ಧಾರವಾಡದ ನೆನಪುಗಳನ್ನು ಎರವಲು ಕೊಡುವ ಗ್ರಂಥಾಲಯದಲ್ಲಿ ಅಂದು ಸುನಂದಾಳ ಸ್ನಾತಕೋತ್ತರ ಪರೀಕ್ಷೆ. ಹುಡುಕುವುದು ಯಂತ್ರದ ಕೆಲಸವಾದ ಮೇಲೆ ಗ್ರಂಥಪಾಲಕರಿಗೆ ಕೇಳುವುದನ್ನಷ್ಟೇ ಕಲಿಸುತ್ತಿದ್ದರು. ಅಂಕ ಕೊಡುವವರು ಎರವಲಿಗೆ ಬಂದವರೇ.

ಎಂಬತ್ತು ದಾಟಿದ ಗಂಗವ್ವ ಕೌಂಟರಿಗೆ ಬಂದಳು. "ನಮ್ಮವ್ವ ಸಾಯೂಕಿಂತ ಮೊದಲ ತನ್ನ ನೆನಪೆಲ್ಲಾ ಇಲ್ಲೇ ಇಟ್ಟಾಳ. ಒಂದು ಕೊಡವಾ."

ಯಂತ್ರ ಅವ್ವನ ಜೋಗುಳದ ನೆನಪನ್ನು ಒಂದು ಚಿಪ್ಪಿನಲ್ಲಿ ತೆಗೆದುಕೊಟ್ಟಿತು. ಗಂಗವ್ವ ಅದನ್ನು ಕಿವಿಗಿಟ್ಟು ನೋಡಿ ವಾಪಸಿಟ್ಟಳು.

"ಅವ್ವಾರು ನಿಮಗ ದಿನಾ ಏನಂತಿದ್ರು, ಅಜ್ಜಿ?" ಸುನಂದಾ ಕೇಳಿದಳು.

"ಏನಂತಾಳ, ಬೈತಿದ್ಲು. ಹಾಲು ಉಕ್ಕಿಸಿದ್ದಕ್ಕ."

ಸುನಂದಾ ಆ ಬೈಗುಳವನ್ನೇ ತರಿಸಿದಳು. ಕೌಂಟರಿನ ತುಂಬ ಸೀದ ಹಾಲಿನ ವಾಸನೆ. ಅವ್ವನ ದನಿ: "ಏ ಗಂಗೀ, ಕಣ್ಣು ಎಲ್ಲಿಟ್ಟೀ?" ಅಲ್ಲಿಲ್ಲದ ಒಲೆಯತ್ತ ಗಂಗವ್ವನ ಕೈ ಚಾಚಿತು.

ಪಕ್ಕದಲ್ಲಿ ಕೂತು ನೋಡುತ್ತಿದ್ದ ಪರೀಕ್ಷಕರು, ಎಷ್ಟು ಅಂಕ ಕೊಡುತ್ತೀರಿ ಎಂದು ಗಂಗವ್ವನನ್ನು ಕೇಳಿದರು.

"ನನಗ ಗಂಗೀ ಅನ್ನೋರು ಯಾರೂ ಉಳದಿದ್ದಿಲ್ಲ," ಎಂದು ಗಂಗವ್ವ ಸುನಂದಾಳತ್ತ ತಿರುಗಿದಳು. "ನಿನ್ನ ಹೊಟ್ಟಿ ತಣ್ಣಗಿರಲಿ, ಮಗಳ."

ಅಂಕದ ಜಾಗದಲ್ಲಿ ಪರೀಕ್ಷಕರು ಆ ಹಾರೈಕೆಯನ್ನೇ ಬರೆದರು.