ಭತ್ತದ ಚೀಲಗಳ ಹಿಂದೆ

ನಮ್ಮ ನಾಯಿ ಮೋತ್ಯಾನ ಮುಂಗಾಲಿನಲ್ಲಿ ರೂಪಾಯಿ ನಾಣ್ಯದಷ್ಟು ಜಾಗದ ಕೂದಲು ಬೋಳಿಸಿದ್ದರು. ಸೂಜಿ ಹೋಗುತ್ತಿದ್ದದ್ದು ಅಲ್ಲಿಗೇ. ಬೆಳಗಾವಿಯಲ್ಲಿ ನಾನು ಕೆಲಸ ಮಾಡುವ ಲ್ಯಾಬಿನಲ್ಲಿ ಸ್ಪಿರಿಟ್ ಬಾಟಲಿ ತೆರೆದಾಗಲೆಲ್ಲ ಖಾನಾಪುರದ ಆ ಮಧ್ಯಾಹ್ನ ನೆನಪಾಗುತ್ತದೆ.

ನಾನಾಗ ಶಾಲೆಯಲ್ಲಿ ನಾಲ್ಕನೆಯ ಇಯತ್ತೆ. ಮೋತ್ಯಾನಿಗೆ ರಕ್ತಭೇದಿಯಾಗಿತ್ತು. ಐದು ದಿನ ಸಲೈನ್ ಏರಿಸಬೇಕು, ಒಂದು ದಿನ ತಪ್ಪಿದರೂ ಉಳಿಯುವುದು ಕಷ್ಟ ಎಂದಿದ್ದರು ದನದ ಡಾಕ್ಟರು. ಮೂರನೆಯ ದಿನ ಅವರ ಬೈಕಿನ ಸದ್ದು ಕೇಳಿದ್ದೇ ತಡ, ಅದು ತೆವಳಿಕೊಂಡು ಭತ್ತದ ಚೀಲಗಳ ಹಿಂದಿನ ಸಂದಿಗೆ ಸೇರಿತು. ಅಪ್ಪ ಕೈ ಚಾಚಿದರೆ ಹಲ್ಲು ತೋರಿಸಿತು.

“ಈಕಿ ಕರದ್ರ ಬರತೈತಿ,” ಎಂದು ಅಜ್ಜಿ ನನ್ನನ್ನು ಮುಂದೆ ತಳ್ಳಿದಳು. “ಕರೀ ಯವ್ವಾ, ರೊಟ್ಟಿ ಹಾಕೂವಾಗ ಕರೀತಿಯಲ್ಲಾ, ಹಂಗ.”

ಕರೆದೆ. ನಿಲ್ಲಲಾಗದೆ ಹೊಟ್ಟೆ ಎಳೆದುಕೊಂಡು, ಬಾಲ ಅಲ್ಲಾಡಿಸುತ್ತಲೇ ಬಂತು. ಅಪ್ಪ ಗಬಕ್ಕನೆ ಹಿಡಿದು ಬಟ್ಟೆಯಿಂದ ಅದರ ಬಾಯಿ ಕಟ್ಟಿದ.

“ತಲಿ ಗಟ್ಟಿ ಹಿಡೀರಿ ಅಕ್ಕಾರ,” ಡಾಕ್ಟರು ನನ್ನನ್ನು ನಗಿಸಲು ನೋಡಿದರು. “ನನಗಿಂತ ನಿಮ್ಮ ಮಾತ ಜಾಸ್ತಿ ಕೇಳತೈತಿ.”

ಬಾಟಲಿ ಖಾಲಿಯಾಗುವವರೆಗೆ ಕೈ ಬಿಡುವಂತಿರಲಿಲ್ಲ. ಅಷ್ಟು ಹೊತ್ತೂ ಅದು ನನ್ನನ್ನೇ ನೋಡುತ್ತಿತ್ತು.

“ನಾಳಿ ನಾ ಕರಿಯೂದಿಲ್ಲ,” ಎಂದೆ.

“ಕರೀಬ್ಯಾಡ,” ಎಂದಳು ಅಜ್ಜಿ. “ಸತ್ತಮ್ಯಾಲ ಕರದ್ರೂ ಬರೂದಿಲ್ಲ, ಅಷ್ಟ.”

ಮರುದಿನ ಡಾಕ್ಟರು ಬೆಳಿಗ್ಗೆಯೇ ಬಂದರು. ಬೈಕಿನ ಸದ್ದಿಗೆ ಮೋತ್ಯಾ ಮತ್ತೆ ಸಂದಿ ಸೇರಿತ್ತು. ನಾನು ಕರೆಯಲಿಲ್ಲ. ನೆಲಕ್ಕೆ ಮಲಗಿ ಚೀಲಗಳ ಸಂದಿಯೊಳಗೆ ನುಸುಳಿದೆ. ಅದನ್ನು ಎದೆಗವಚಿಕೊಂಡು ಹೊರಗೆ ತಂದೆ.